ಕಾಗೆ ಮುಟ್ಟಿದ ತಪ್ಪಿಗೆ

ಸಿಂಗಪುರದ ಕನ್ನಡಿಗರನ್ನು ಬೇರೆ ಯಾರೂ ಹೆದರಿಸಬೇಕಾಗಿಲ್ಲ. ತಮ್ಮ ಪಾಡಿಗೆ ತಾವೇ ಅಚ್ಚುಕಟ್ಟಾಗಿ ಹೆದರಿಕೊಂಡು, ಸಾಲದ್ದಕ್ಕೆ ಅಕ್ಕಪಕ್ಕದವರಿಗೂ ಒಂದಿಷ್ಟು ಹಂಚಿ ಮಲಗುತ್ತಾರೆ. ಈ ದಾನಧರ್ಮದಲ್ಲಿ ಸೆರಂಗೂನಿನ ಗುರುಮೂರ್ತಿ ಅಂಕಲ್ ಎತ್ತಿದ ಕೈ. ಕಾಯಂ ವಾಸಕ್ಕೆ ಪಿಆರ್ ಸಿಕ್ಕಿ ತಲೆಕೂದಲು ನೆರೆತಿದ್ದರೂ, ಕೆಂಪು ದೀಪ ಇರುವಾಗ ರಸ್ತೆ ದಾಟಿದರೆ ಮರುದಿನವೇ ಬೆಂಗಳೂರಿನ ವಿಮಾನ ಹತ್ತಿಸಿಬಿಡುತ್ತಾರೆ ಎಂದು ನಂಬಿದ್ದ ಮಹಾನುಭಾವರು. ಸಿಟಿಜನ್‌ಶಿಪ್ ತಗೊಳ್ಳಿ ಎಂದರೆ ಮಾತ್ರ ದೇಶಭಕ್ತಿ ಉಕ್ಕಿ ಬರುತ್ತಿತ್ತು, ಮೈಸೂರಿನ ಸೈಟೂ ನೆನಪಾಗುತ್ತಿತ್ತು. ಅವರ ಮನೆಯ ಒಂದು ಕೋಣೆಯಲ್ಲಿ ಪ್ರತಾಪ ಬಾಡಿಗೆಗಿದ್ದ. ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವನದು ಪಿಆರ್ ಕೂಡ ಅಲ್ಲ, ಬರೀ ವರ್ಕ್ ಪಾಸು. ಅದೂ ಆಗ ರಿನ್ಯೂವಲ್‌ಗೆ ಹೋಗಿ ಕೂತಿತ್ತು.

ಸರಿಯಾಗಿ ಅದೇ ಹೊತ್ತಿಗೆ ಅಪ್ಪನ ವರ್ಷದ ಶ್ರಾದ್ಧ ಬಂತು.

ಹೋದ ವರ್ಷ ಅಪ್ಪ ತೀರಿಕೊಂಡಾಗ ಪ್ರತಾಪನಿಗೂ ಅವರಿಗೂ ಮಾತು ಬಿಟ್ಟಿತ್ತು. ಎಪ್ಪತ್ತರ ವಯಸ್ಸಿನಲ್ಲಿ ಅವರು ಸ್ಕೂಟರ್ ಕೊಳ್ಳುತ್ತೇನೆ ಎಂದಿದ್ದರು, ಇವನು ಬೇಡ ಎಂದಿದ್ದ. ಅಷ್ಟೇ ಜಗಳ. ಇವನು ದಾವಣಗೆರೆ ತಲುಪುವಷ್ಟರಲ್ಲಿ ದಹನವೂ ಮುಗಿದಿತ್ತು. ಹತ್ತನೆಯ ದಿನ ಪಿಂಡ ಇಟ್ಟು ಕಾದರೆ ಒಂದು ಕಾಗೆಯೂ ಮುಟ್ಟಲಿಲ್ಲ. ಮರದ ಮೇಲೆ ಸಾಲಾಗಿ ಕೂತು ನೋಡಿದವು, ಕೆಳಗಿಳಿಯಲಿಲ್ಲ. ಕೊನೆಗೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಕೈ ತೊಳೆದುಕೊಂಡರು. ‘ಮಗನ ಮೇಲಿನ ಸಿಟ್ಟು ಹೋಗಿಲ್ಲ’ ಎಂದು ನೆಂಟರು ಸಮಾರಾಧನೆಯ ಎಲೆಯ ಮುಂದೆ ಕೂತು ತೀರ್ಪು ಕೊಟ್ಟರು, ಕೊಟ್ಟು ಇನ್ನೊಂದು ಸುತ್ತು ಪಾಯಸ ಹಾಕಿಸಿಕೊಂಡರು. ಮಗಳು ಅಮೂಲ್ಯಾಳ ಮನೆಯಲ್ಲಿದ್ದ ಅಮ್ಮನಿಗೆ ಅಂದಿನಿಂದ ಅದೊಂದೇ ಕೊರಗು. ಈ ಸಲವಾದರೂ ಕಾಗೆ ಮುಟ್ಟಬೇಕು, ಅಪ್ಪ ಮಗನನ್ನು ಕ್ಷಮಿಸಿದ್ದಾರೆಂದು ಗೊತ್ತಾಗಬೇಕು. ಪ್ರತಾಪನಿಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ, ಆದರೂ ಆ ಮರದ ಮೇಲಿನ ಕಾಗೆಗಳು ಅವನ ಕಣ್ಣಿನಿಂದ ಹೋಗಿರಲಿಲ್ಲ.

ಊರಿಗೆ ಹೋಗಿ ಮಾಡಿ ಬರಬಹುದಿತ್ತು. ಅಂಕಲ್ ಬಿಡಬೇಕಲ್ಲ. “ಪಾಸ್ ಪೆಂಡಿಂಗ್ ಇರೋವಾಗ ದೇಶ ಬಿಟ್ರೆ, ಅಲ್ಲೇ ಇರಪ್ಪ ಅಂತಾರೆ. ಇಲ್ಲೇ ಮಾಡಿ ಪ್ರತಾಪ್. ಬ್ಲಾಕ್ ಹಿಂದೆ ಗ್ರಾಸ್ ಇದೆಯಲ್ಲ, ನಮ್ ಫಾದರ್‌ಗೆ ನಾನು ಯಾವಾಗ್ಲೂ ಅಲ್ಲೇ ಇಡೋದು.” ಸಿಂಗಪುರದಲ್ಲಿ ಕಾಗೆಗೆ ಅನ್ನ ಹಾಕುವುದೂ ಅಪರಾಧ ಎಂಬುದು, ಸಕಲ ಕಾನೂನುಗಳನ್ನೂ ಬಾಯಿಪಾಠ ಮಾಡಿದ್ದ ಅಂಕಲ್‌ಗೆ ಮಾತ್ರ ಗೊತ್ತಿರಲಿಲ್ಲ.

ಹಾಗಾಗಿ ಭಾನುವಾರ ದಾವಣಗೆರೆಯ ಪುರೋಹಿತರು ವಿಡಿಯೋ ಕಾಲ್‌ನಲ್ಲಿ ಮಂತ್ರ ಹೇಳಿದರು, ನೆಟ್‌ವರ್ಕ್ ಕೈಕೊಟ್ಟ ಕಡೆ ದೇವರೇ ಅರ್ಥ ಮಾಡಿಕೊಂಡ. ಮಧ್ಯಾಹ್ನ ಪ್ರತಾಪ ಬಾಳೆಎಲೆಯ ಮೇಲೆ ಪಿಂಡ ಇಟ್ಟು ಹಿಂದೆ ಸರಿದು ನಿಂತ. ಅಂಕಲ್ ಪಕ್ಕದಲ್ಲೇ ನಿಂತು ಸಲಹೆ ಕೊಡುತ್ತಿದ್ದರು. ತುಂಬಾ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಕಾಗೆ ಬಂತು. ಸ್ವಲ್ಪ ಕುಂಟುತ್ತಾ ಬಂದು, ಕತ್ತು ವಾರೆ ಮಾಡಿ ಇವನನ್ನೇ ನೋಡಿ, ಪಿಂಡಕ್ಕೆ ಬಾಯಿ ಹಾಕಿತು. ನಂಬಿಕೆ ಇಲ್ಲದ ಪ್ರತಾಪ ಫೋನಿನಲ್ಲಿ ಅದರ ವಿಡಿಯೋ ತೆಗೆದ, ಆಮೇಲೆ ಕೈಮುಗಿದು ನಿಂತು ಮಗುವಿನ ಹಾಗೆ ಅತ್ತ. ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದ ಹಾಗಾಯಿತು. ಅಮ್ಮನಿಗೆ ಕಳಿಸೋಣವೆಂದು ಕಟ್ಟಡದ ಕೆಳಗೆ ತೆರೆದಿರುವ ವಾಯ್ಡ್ ಡೆಕ್‌ನ ಬೆಂಚಿನ ಮೇಲೆ ಕೂತು ಆ ವಿಡಿಯೋವನ್ನೇ ಮತ್ತೆ ಮತ್ತೆ ನೋಡುತ್ತಿದ್ದಾಗ ಸಮವಸ್ತ್ರದವನೊಬ್ಬ ಮುಂದೆ ಬಂದು ನಿಂತ. ಮೇಲಿನ ಮನೆಯವರು ದೂರು ಕೊಟ್ಟಿದ್ದರಂತೆ. ಗುರುಮೂರ್ತಿ ಅಂಕಲ್‌ಗೆ ಆ ಕ್ಷಣದಲ್ಲೇ ಲಿಫ್ಟ್ ಪಕ್ಕದ ಡೆಂಗಿ ಪೋಸ್ಟರಿನ ಮೇಲೆ ಅಪಾರ ಆಸಕ್ತಿ ಹುಟ್ಟಿತು. ಬಂದವನು ಪ್ರತಾಪನ ಪಾಸಿನ ನಂಬರು ಬರೆದುಕೊಂಡು, ನಾಳೆ ನಮ್ಮ ಆಫೀಸಿಗೆ ಬನ್ನಿ ಎಂದು ಹೇಳಿ ಹೋದ.

ಸಂಜೆ ಅಂಕಲ್ ಮನೆಯ ಹಾಲ್‌ನಲ್ಲಿ ತಜ್ಞರ ಸಭೆ. ಪಾಯಾ ಲೆಬಾರ್‌ನಲ್ಲಿ ಸಾಫ್ಟ್‌ವೇರ್ ಕೆಲಸದ ಚಿರಂತ್ ಬಂದ, ಅಂಕಲ್ ಹೆಂಡತಿ ಅನುಸೂಯಾ ಆಂಟಿ ಎಲ್ಲರಿಗೂ ಕಾಫಿ ಕೊಟ್ಟರು. ಪ್ರತಾಪ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ.

“ನನ್ ಕೊಲೀಗ್ ರೂಮ್‌ಮೇಟ್ ಒಬ್ಬ ಲಿಫ್ಟಲ್ಲಿ ಉಗುಳ್ದ ಅಷ್ಟೇ,” ಎಂದ ಚಿರಂತ್. “ನೆಕ್ಸ್ಟ್ ವೀಕ್ ಚೆನ್ನೈನಲ್ಲಿದ್ದ.”

“ಅವನು ತಂಗಿ ಮದುವೆಗೆ ಹೋಗಿದ್ದಲ್ವೇನೋ?” ಎಂದರು ಆಂಟಿ.

ಸಭೆಯಲ್ಲಿ ಇಂಥ ಅಡ್ಡಮಾತಿಗೆಲ್ಲ ಬೆಲೆ ಇಲ್ಲ. ಅಂಕಲ್ ಗಂಟಲು ಸರಿಮಾಡಿಕೊಂಡರು. “ಪ್ರತಾಪ್, ಫೀಡಿಂಗ್ ಅಂತ ಪ್ರೂವ್ ಆದ್ರೆ ಪಾಸ್ ಕ್ಯಾನ್ಸಲ್, ಡೈರೆಕ್ಟ್ ಏರ್‌ಪೋರ್ಟ್. ಮಿಕ್ಕಿದ ಅನ್ನ ಕೈತಪ್ಪಿ ಬಿತ್ತು ಅನ್ನಿ. ಕಾಗೆ ಬರ್ಲೇ ಇಲ್ಲ ಅನ್ನಿ. ನನ್ ಹೆಸರು ಮಾತ್ರ ಎತ್ಬೇಡಿ, ನಂದೂ ರೀ-ಎಂಟ್ರಿ ಪರ್ಮಿಟ್ ರಿನ್ಯೂವಲ್ ಬರ್ತಿದೆ.”

“ಕಾಗೆ ಬಂತಲ್ಲ ಅಂಕಲ್. ವಿಡಿಯೋನೇ ಇದೆ.”

ಚಿರಂತ್ ಫೋನು ಕಿತ್ತುಕೊಂಡು ವಿಡಿಯೋ ಅಳಿಸಿದ, ಅಳಿಸಿದ್ದು ಹೋಗಿ ಸೇರುವ ಜಾಗದಿಂದಲೂ ಅಳಿಸಿದ, ಕ್ಲೌಡಿನಿಂದಲೂ ಅಳಿಸಿ ಹಣೆಯ ಬೆವರು ಒರೆಸಿಕೊಂಡ. ಕಂಪನಿಯಲ್ಲಿ ಅವನು ಯಾವ ಕೆಲಸವನ್ನೂ ಇಷ್ಟು ಪೂರ್ತಿಯಾಗಿ ಮುಗಿಸಿದ್ದಿಲ್ಲ. ಪ್ರತಾಪ ಬಾಯಿ ಬಿಡುವಷ್ಟರಲ್ಲಿ ಫೋನು ಚಿರಂತನ ಕೈಯಲ್ಲೇ ರಿಂಗಾಯಿತು. ಅಮ್ಮ.

“ಎಷ್ಟ್ ಹೊತ್ತಾತು, ಕಾಯ್ತಾ ಕುಂತೀನಿ. ಮುಟ್ಟಿತೇನಪ್ಪಾ?”

ಪ್ರತಾಪ ತಲೆ ಎತ್ತಿದ. ಅಂಕಲ್ ಬಾಯಿಯ ಮೇಲೆ ಬೆರಳಿಟ್ಟು, ಮೇಲೆ ಆಕಾಶ ತೋರಿಸಿ, ರೆಕಾರ್ಡ್ ಆಗತ್ತೆ ಎಂದು ಸದ್ದಿಲ್ಲದೆ ತುಟಿ ಆಡಿಸಿದರು. ಇಡೀ ಸರ್ಕಾರ ಭಾನುವಾರದ ಸಂಜೆ ಕೆಲಸ ಬಿಟ್ಟು ದಾವಣಗೆರೆಯ ಮುದುಕಿಯ ಫೋನಿಗೆ ಕಿವಿಗೊಟ್ಟು ಕೂತಿದೆ ಎಂದು ಆ ಹಾಲಿನಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಾಚಿಕೆಯ ಮಾತೆಂದರೆ, ಪ್ರತಾಪನಿಗೂ ಇರಲಿಲ್ಲ.

“ಇಲ್ಲಮ್ಮ,” ಎಂದ. “ಮುಟ್ಲಿಲ್ಲ.”

“ಇರ್ಲಿ ಬಿಡು. ಊಟ ಮಾಡು,” ಎಂದು ಅಮ್ಮ ಫೋನಿಟ್ಟರು. ‘ವೆರಿ ಗುಡ್’ ಎಂದು ಅಂಕಲ್ ಅವನ ಬೆನ್ನು ತಟ್ಟಿದರು. ಅನುಸೂಯಾ ಆಂಟಿ ಮಾತ್ರ ಗಂಡನನ್ನು ಒಮ್ಮೆ ನೋಡಿ, ಕಾಫಿ ಲೋಟಗಳನ್ನು ದಡಬಡ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಆಫೀಸಿನಲ್ಲಿ ಮೇಜಿನ ಆಚೆ ಕೂತಿದ್ದವರು ಐವತ್ತು ದಾಟಿದ ತಮಿಳು ಅಧಿಕಾರಿ. ಪ್ರತಾಪ ರಾತ್ರಿಯೆಲ್ಲ ಉರು ಹೊಡೆದದ್ದನ್ನು ಒಪ್ಪಿಸಿದ: ಮಿಕ್ಕ ಅನ್ನ, ಕೈತಪ್ಪಿ ಬಿತ್ತು, ಯಾವ ಹಕ್ಕಿಯೂ ಬರಲಿಲ್ಲ ಸಾರ್. ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ಕಂಪ್ಯೂಟರಿನ ಪರದೆಯನ್ನು ಇವನ ಕಡೆ ತಿರುಗಿಸಿದರು. ದೂರು ಕೊಟ್ಟವರು ಕಿಟಕಿಯಿಂದ ತೆಗೆದ ಫೋಟೋ. ಬಾಳೆಎಲೆ, ಅದರ ಮುಂದೆ ಕೈಮುಗಿದು ನಿಂತ ಪ್ರತಾಪ, ಕೊಕ್ಕಿನ ತುಂಬ ಅನ್ನ ಹಿಡಿದ ಕಾಗೆ.

“ಹಾಗಾದರೆ ಇದು ಯಾರು?” ಎಂದು ಕೇಳಿದರು ಇಂಗ್ಲಿಷಿನಲ್ಲಿ.

ಪ್ರತಾಪ ಫೋಟೋವನ್ನೇ ನೋಡಿದ. “ನಮ್ಮ ತಂದೆ ಸಾರ್,” ಎಂದುಬಿಟ್ಟ.

“ಅಪ್ಪಾವಾ?” ಎಂದರು ಅಧಿಕಾರಿ ತಮಿಳಿನಲ್ಲಿ, ಮೆಲ್ಲಗೆ. ಮತ್ತೇನೂ ಕೇಳಲಿಲ್ಲ. ದಂಡ ಹಾಕಲಿಲ್ಲ. ಎಚ್ಚರಿಕೆ ಕೊಟ್ಟು, ಇನ್ನೊಮ್ಮೆ ಕಂಡರೆ ಕೋರ್ಟಿಗೆ ಹೋಗಬೇಕಾಗುತ್ತದೆಂದು ಹೇಳಿ, ಇನ್ನು ಮುಂದೆ ಹಕ್ಕಿಗಳಿಗೆ ಅನ್ನ ಇಡುವುದಿಲ್ಲ ಎಂದು ಬರೆಸಿ ಸಹಿ ಹಾಕಿಸಿಕೊಂಡರು.

“ನನ್ನ ಪಾಸ್, ಸಾರ್?”

“ಪಾಸಾ?” ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. “ಅದಕ್ಕೂ ನಮಗೂ ಏನಪ್ಪ ಸಂಬಂಧ. ನಾವು ಕಾಗೆ ನೋಡಿಕೊಳ್ಳುವವರು.”

ಪ್ರತಾಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದವನು ಮತ್ತೆ ಕೂತ. “ಸಾರ್, ಆ ಫೋಟೋ ಒಂದು ಕಳಿಸ್ತೀರಾ?” ಅಧಿಕಾರಿ ಆಗದೆಂದು ತಲೆ ಆಡಿಸಿದರು. ದೂರುದಾರರ ಫೋಟೋ, ಹೊರಗೆ ಕೊಡುವ ಹಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹೊರಗೆ ಬಂದು, ಬಿಸಿಲಿನಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದ.

“ಅಮ್ಮ, ನಿನ್ನೆ ನಾನು ಸುಳ್ಳು ಹೇಳ್ದೆ. ಕಾಗೆ ಮುಟ್ತು. ನನ್ನೇ ನೋಡ್ತಾ ತಿಂತು.”

“ನನ್ ಸಮಾಧಾನಕ್ಕೆ ಹೇಳ್ತಿದೀಯ.”

“ಅಲ್ಲಮ್ಮ, ಆಣೆ ಮಾಡ್ತೀನಿ. ವಿಡಿಯೋ ತೆಗ್ದಿದ್ದೆ, ಡಿಲೀಟ್ ಆಗೋಯ್ತು. ಫೋಟೋ ಇದೆ.”

“ಹಂಗಾರೆ ಕಳ್ಸು. ಅಮೂಲ್ಯಾ ಫೋನಿಗೆ ಹಾಕು, ನೋಡ್ತೀನಿ.”

“ನನ್ ಹತ್ರ ಇಲ್ಲ. ಗೌರ್ಮೆಂಟ್ ಹತ್ರ ಇದೆ.”

ಅಮ್ಮ ಉಸಿರೆಳೆದುಕೊಂಡದ್ದು ಅವನಿಗೆ ಕೇಳಿಸಿತು. ಬೈದಿದ್ದರೆ ವಾಸಿಯಾಗಿತ್ತು. ಜ್ವರ ಬಂದ ಮಗುವನ್ನು ಮಾತಾಡಿಸುವ ಧ್ವನಿಯಲ್ಲಿ ಕೇಳಿದರು: “ಪ್ರತಾಪಾ, ಕಾಗೆ ಫೋಟೋ ತಗೊಂಡು ಗೌರ್ಮೆಂಟ್ ಏನಪ್ಪಾ ಮಾಡ್ತತಿ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಇನ್ನೂ ದೊಡ್ಡ ಸುಳ್ಳಿನಂತೆ ಕೇಳುತ್ತಿತ್ತು.

“ಮನಸ್ಸಿಗೆ ಹಚ್ಕೋಬ್ಯಾಡ,” ಎಂದರು ಅಮ್ಮ. “ನಿಮ್ಮಪ್ಪ ಮೊದ್ಲಿಂದಾನೂ ಹಟಮಾರಿ. ಮುಂದಿನ ವರ್ಷ ಅಲ್ಲೇ ಇಡು. ಸಿಟ್ಟು ಇಳದಿರ್ತತಿ, ಬಂದೇ ಬರ್ತಾರೆ.”

“ಇಡ್ತೀನಮ್ಮ,” ಎಂದ ಪ್ರತಾಪ. ಇನ್ನೆಂದೂ ಇಡುವುದಿಲ್ಲವೆಂದು ಅವನು ಆಗಷ್ಟೇ ಸಹಿ ಹಾಕಿ ಬಂದಿದ್ದ.