ಇಂದೂರಿನ ಬಸ್ಸಿನ್ಯಾಗ ಕಟ್ಟಿದ ರೀಲು

ನಮ್ಮನಿಯವರು ಮೂರು ದಿನದಿಂದ ನೆಟ್ಟಗ ಉಂಡಿರಲಿಲ್ಲ. ಜ್ವರ ಇಲ್ಲ, ನೆಗಡಿ ಇಲ್ಲ. ನಮ್ಮ ಸೊಸಿ ರಾಜಶ್ರೀ ಮೊಬೈಲಿನ್ಯಾಗ ಒಂದು ಹಳೇ ಸಿನಿಮಾ ಹುಡುಕಿದ್ದಳು, ಅದಕ್ಕ ಈ ಸಂಕಟ.

ಆ ಡುಮ್ಮ-ಕಡ್ಡಿ ಜೋಡೀದು, ಕಪ್ಪು-ಬಿಳುಪಿಂದು. ಸಾಹುಕಾರನ ವಜ್ರದುಂಗುರ ಕಳುವಾಗಿರತೈತಿ, ಈ ಇಬ್ಬರು ಪೆದ್ದರು ಪತ್ತೇದಾರಿಕಿ ಮಾಡಾಕ ಹೊಂಟಿರತಾರ. ನಲವತ್ತೈದು ವರ್ಷದ ಹಿಂದ ಮುಂಡಗೋಡದ ಟೆಂಟಿಗೆ ಬಂದಿತ್ತು. ಅಲ್ಲಿಂದ ನಮ್ಮೂರು ಇಂದೂರಿಗೆ ಕಡೀ ಬಸ್ಸು ರಾತ್ರಿ ಎಂಟಕ್ಕ. ಕಳ್ಳ ಯಾರಂತ ತಿಳಿಯೂದರಾಗ ನಾವು ಎದ್ದು ಓಡಬೇಕು. ಟೆಂಟಿನ ಆಪರೇಟರ್ ದಾವಲಸಾಬಗ ನಮ್ಮ ಮ್ಯಾಲೆ ಭಾಳ ಕರುಣಾ. ಕಡೀ ರೀಲು ಮೊದಲ ಹಾಕಿ, ಅದರ ಹಿಂದಿಂದು ನಾವು ಹೋದಮ್ಯಾಲೆ ತೋರಿಸ್ತಿದ್ದ. ಹಿಂಗಾಗಿ ಸಾಹುಕಾರನ ಅಡಗಿಯವನ ಕಳ್ಳ ಅಂತ ಅವಗ ಬೇಡಿ ಹಾಕಿದ್ದು ಇಂದೂರೆಲ್ಲ ನೋಡಿತ್ತು, ಅವ ಹೆಂಗ ಸಿಕ್ಕ ಅನ್ನೂದು ಒಬ್ಬರಿಗೂ ಗೊತ್ತಿರಲಿಲ್ಲ.

ಆ ತಪ್ಪಿದ ರೀಲನ್ನ ನಮ್ಮನಿಯವರು ಬಸ್ಸಿನ್ಯಾಗ ನಿಂತು ತಾವ ಕಟ್ಟಿದರು. ಡುಮ್ಮ ಭತ್ತದ ಕಣಜದಾಗ ಬೀಳೂದು, ಕಡ್ಡಿ ಅವನ ಕಾಲು ಹಿಡದು ಜಗ್ಗೂದು, ಡುಮ್ಮನ ಬದಲಿ ಅಡಗಿಯವ ಹೊರಗ ಬರೂದು, ಬಾಯಾಗ ಉಂಗುರ! ಎರಡೂ ಪಾರ್ಟು ಒಬ್ಬರ ಮಾಡೋರು. ಕಂಡಕ್ಟರ್ ಟಿಕೆಟ್ ಹರಿಯೂದು ಬಿಟ್ಟು ನಕ್ಕಿದ್ದ. ನಾನೂ ಹೊಟ್ಟಿ ಹಿಡಕೊಂಡು ನಕ್ಕೇ ಇವರನ್ನ ಒಪ್ಪಿದಾಕಿ. ಅವತ್ತಿಂದ ಮದಿವಿ ಇರಲಿ, ಕುಬಸ ಇರಲಿ, ನಾಕು ಮಂದಿ ಕೂಡಿದಲ್ಲೆ ಇವರಿಗೆ ಅದನ್ನ ಮಾಡ್ರಿ ಅಂತಾರ.

ಈಗ ಖರೇ ರೀಲು ಬರತೈತಿ ಅಂದಕೂಡಲೆ ಇವರ ಜೀವ ಹೋಗಿತ್ತು.

"ಅದರ ಮುಂದ ನಂದು ಸಪ್ಪಗಾದ್ರ, ಇನ್ನ ಮ್ಯಾಲೆ ನನಗ ಮಾಡು ಅಂತ ಯಾರು ಕೇಳತಾರ ಶಂಕ್ರವ್ವಾ?" ಅಂದರು.

ಮೊದಲ ಉಣ್ಣರಿ ಅಂತ ನಾ ಗಂಗಾಳ ಮುಂದ ಸರಿಸಿ ಬೈದೆ.

ಐತವಾರ ಮಧ್ಯಾಹ್ನ ಓಣಿ ಮಂದಿ ನಮ್ಮ ಟಿವಿ ಮುಂದ ಕೂತರು. ಅವತ್ತು ಆ ಬಸ್ಸಿನ್ಯಾಗ ಕೂತು ನಕ್ಕಿದ್ದ ಮಗ್ಗಲ ಮನಿ ಮುದಕವ್ವ ಎಲ್ಲಾರಕಿಂತ ಮುಂದ. ಆ ರೀಲು ಬಂದಾಗ ಇವರು ಬಾಗಲ ಕಡೆ ಮಾರಿ ಮಾಡಿದರು. ಇನ್ಸ್‌ಪೆಕ್ಟರ್ ಕಿಸೆದಾಗಿಂದ ಒಂದು ಕಾಗದ ತಗದು ಓದಿದ, ಅಡಗಿಯವ ತಪ್ಪಾತು ಅಂದ. ಡುಮ್ಮ-ಕಡ್ಡಿ ಹಿಂದ ಸುಮ್ನ ನಿಂತಿದ್ದರು. ಅಷ್ಟ. ಕಣಜಾನೂ ಇಲ್ಲ, ಮಣ್ಣೂ ಇಲ್ಲ. ಒಬ್ಬರೂ ನಗಲಿಲ್ಲ.

ಮುದಕವ್ವ ಟಿವಿ ಬಂದ್ ಮಾಡಿಸಿ ನಮ್ಮನಿಯವರ ಕಡೆ ತಿರುಗಿದಳು.

"ಅಂದಾನೆಪ್ಪಾ, ಈ ಟಿವಿಯವರು ಯಾವುದೋ ಬ್ಯಾರೆ ರೀಲು ಹಾಕ್ಯಾರ. ಖರೇದು ನೀ ತೋರಿಸು" ಅಂದಳು.

ಇವರು ಎದ್ದರು. ಮಾರಿ ಅರಳಿತ್ತು. ಡುಮ್ಮನಂಗ ಕಣಜದಾಗೇನೋ ಬಿದ್ದರು, ಆದ್ರ ಕಡ್ಡಿ ಆಗಾಕ ಮ್ಯಾಲೆ ಏಳಬೇಕಲ್ಲ, ಮೊಣಕಾಲು ಕೇಳಲಿಲ್ಲ. ನೆಲದ ಮ್ಯಾಲೆ ಕೂತು ನನ್ನ ಕಡೆ ನೋಡಿದರು. ನಲವತ್ತೈದು ವರ್ಷ ಬರೇ ನಕ್ಕಾಕಿ ನಾನು. ಮೈ ನೋಡಿದ್ರ ಯಾವ ಕಡಿಂದಲೂ ನಾ ಕಡ್ಡಿ ಅಲ್ಲ. ಸೆರಗು ಸಿಗಿಸಿಕೊಂಡು ಹೋಗಿ ಇವರ ಕಾಲು ಹಿಡದು ಜಗ್ಗಿದೆ.