ಅಲುಗದ ಮೈ

ಮೊದಲು ರೆಪ್ಪೆ ನಿಂತಿತು, ಆಮೇಲೆ ಬೆರಳು. ಕೊನೆಗೆ ಎದೆಯೂ ಏಳದಾದಾಗ ಸೊಸೆ ಮಾವನವರ ಮೂಗುಬಾಯಿಗೆ ಮಾಸ್ಕ್ ಒತ್ತಿಹಿಡಿದು, ರಬ್ಬರ್ ಚೀಲ ಹಿಸುಕುತ್ತಾ ಅವರ ಉಸಿರನ್ನು ತಾನೇ ಆಡಿಸತೊಡಗಿದಳು.

ಅವರಿಗೆ ಚುಚ್ಚಿದ್ದ ಔಷಧವನ್ನು ಬಳ್ಳಿಯ ವಿಷದಿಂದ ಶೋಧಿಸಿ ತೆಗೆದವರು ಮಾವನವರೇ. ಸ್ನಾಯುಗಳು ಸಡಿಲವಾದರೆ ಆಪರೇಷನ್ ಸಲೀಸು. ಆದರೆ ನೋವು, ಎಚ್ಚರ ಎರಡೂ ಹೋಗುತ್ತವೆಯೇ ಎಂಬುದು ಅವರ ಅನುಮಾನ. ಹೋಗುತ್ತವೆ, ಬೇರೆ ಮತ್ತಿನ ಮದ್ದೇ ಬೇಡ ಎಂದು ಅರಿವಳಿಕೆ ಡಾಕ್ಟರಾದ ಸೊಸೆ ಪಟ್ಟು ಹಿಡಿದಿದ್ದಳು. ಇದೊಂದನ್ನೇ ಕೊಟ್ಟು ಹುಡುಗಿಯೊಬ್ಬಳ ಹೊಟ್ಟೆ ಕೊಯ್ಯುವುದೆಂದೂ ತೀರ್ಮಾನವಾಗಿತ್ತು.

"ಮೊದಲು ನನಗೆ ಚುಚ್ಚಮ್ಮ," ಎಂದು ಮಾವನವರು ತಾವೇ ಮೇಜು ಹತ್ತಿ ಮಲಗಿದ್ದರು.

ನರ್ಸಕ್ಕ ಅವರ ಅಂಗಾಲಿಗೆ ಸೂಜಿ ಚುಚ್ಚಿದಳು. ಮಿಸುಕಾಟವಿಲ್ಲ.

"ನೋಡಿದ್ರಾ? ಒಳ್ಳೇ ನಿದ್ದೆ!" ಗೆದ್ದ ಹಿಗ್ಗಿನಲ್ಲಿ ಸೊಸೆಯ ನಾಲಿಗೆಯೂ ಸಡಿಲವಾಯಿತು.

"ಮನೇಲೂ ಹೀಗೇ ಹಠಾನಾ ಡಾಕ್ಟ್ರೇ ಇವರದ್ದು?" ನರ್ಸಕ್ಕ ಕೇಳಿದಳು.

"ಅಯ್ಯೋ, ಕೇಳ್ಬೇಡಿ. ಇವತ್ತಾದ್ರೂ ಬಾಯಿ ಮುಚ್ಚಿದ್ದಾರಲ್ಲ! ಅತ್ತೆ ಹೋದ್ಮೇಲೆ ನನ್ನ ತಲೆ ಮೇಲೇ ಕೂತಿದ್ದಾರೆ. ಊಟಕ್ಕೆ ಕೂತ್ರೆ ಇವರು ಚಪ್ಪರಿಸೋ ಸದ್ದಿಗೆ ನಂಗೆ ತುತ್ತು ಇಳಿಯಲ್ಲ. ಅತ್ತೆ ಬದಲು ಇವರೇ ಹೋಗಬಾರದಿತ್ತಾ ಅನ್ಸತ್ತೆ ಒಂದೊಂದ್ಸಲ."

ನರ್ಸಕ್ಕ ನಗಲಿಲ್ಲ. ಅವಳ ಕೈಜಾರಿ ಕತ್ತರಿಯೊಂದು ಠಣ್ಣೆಂದು ನೆಲಕ್ಕೆ ಬಿತ್ತು.

ಬಹಳ ಹೊತ್ತಿನ ಮೇಲೆ ಮಾವನವರ ಎದೆ ತಾನಾಗಿ ಎದ್ದಿತು. ನಾಲಿಗೆ ಹೊರಳಿದ್ದೇ ತಡ, ತೊದಲುತ್ತಾ ಹೇಳಿದರು: "ಬರ್ಕೊಳ್ಳಮ್ಮ. ನಿದ್ದೆ ಇಲ್ಲ. ಚೂರೂ ಇಲ್ಲ. ಎಡಗಾಲಿಗೆ ಸೂಜಿ ಚುಚ್ಚಿದ್ರಿ. ಕಿರುಚಬೇಕು ಅನ್ನಿಸ್ತು, ಆಗ್ಲಿಲ್ಲ. 'ಒಳ್ಳೇ ನಿದ್ದೆ' ಅಂದೆ ನೀನು. ಆಮೇಲೆ..."

ಅವರ ಕಣ್ಣು ನರ್ಸಕ್ಕನತ್ತ ಹೊರಳಿತು.

"ಆಮೇಲೆ ಕತ್ತರಿ ಬಿತ್ತು."

ಸೊಸೆಯ ಪೆನ್ನು ನಿಂತಿತು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು. ನರ್ಸಕ್ಕ ಕತ್ತರಿ ತೊಳೆಯುವ ನೆಪದಲ್ಲಿ ಹೊರಗೆ ಹೋದಳು.

"ಮಾವ, ನಾನು..."

"ಆ ಹುಡುಗಿಗೆ ಮೊದಲು ಮತ್ತಿನ ಮದ್ದು ಕೊಡಿ, ಆಮೇಲೆ ಇದು. ಎಚ್ಚರ ಇದ್ದೂ ಹೀಗೆ ಬಿದ್ದಿರೋದು ಶತ್ರುವಿಗೂ ಬೇಡ. ಅಷ್ಟು ಬರ್ಕೊ."

ಬರೆದಳು.

ಮಾವನವರು ಎದ್ದು ಕೂತು ಅಂಗಿ ತೊಟ್ಟರು. ಬೆರಳುಗಳಿಗೆ ಇನ್ನೂ ಬಲ ಬಂದಿರಲಿಲ್ಲ; ಗುಂಡಿ ಜಾರುತ್ತಿತ್ತು. ಸೊಸೆ ಮುಂದೆ ಬಂದು, ತಲೆಯೆತ್ತದೆ, ಕೆಳಗಿನಿಂದ ಒಂದೊಂದಾಗಿ ಹಾಕುತ್ತಾ ಹೋದಳು. ಕೊರಳ ಗುಂಡಿಯ ತೂತು ಮಾತ್ರ ಅವಳ ಮಂಜಾದ ಕಣ್ಣಿಗೆ ಸಿಗಲೊಲ್ಲದು.

ಅವಳಿಗೆ ಅನುಕೂಲವಾಗಲೆಂದು ಅವರು ಗಲ್ಲ ಮೇಲೆತ್ತಿ, ಚಾವಣಿ ನೋಡುತ್ತಾ ಸುಮ್ಮನೆ ಕೂತರು.