ಗರ್ಭಚೀಲಕ್ಕೆ ನೆತ್ತರು ಹರಿದು ಬರುವ ದಾರಿ

ತಿಕೋಟಾದ ಹೊರಗಿನ ದ್ರಾಕ್ಷಿ ತೋಟ, ಊರ ಮಾತಿನಲ್ಲಿ ಪಡ. ತುಂಬು ಬಸುರಿ ಸುಧಾರಾಣಿ ಹಂದರದ ನೆರಳಲ್ಲಿ ಚಾಪೆ ಹಾಸಿ ಮಲಗಿದ್ದಳು. ಎಲೆಗಳ ಸಂದಿನ ಬಿಸಿಲು ಹೊಟ್ಟೆಯ ಮೇಲೆ ತೇಲುತ್ತಿತ್ತು, ಒಳಗೆ ಕೂಸು ಹೊರಳುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದು. ಭಯ ಮಾತ್ರ ಎದೆ ಬಿಟ್ಟು ಕದಲದು. ಅತ್ತೆ ಭೀಮಾಬಾಯಿ ಹೆರಿಗೆ ಮನೆಯಲ್ಲೇ ಆಗಬೇಕೆಂದಿದ್ದಳು. ಆಕೆ ಹಟ ಹಿಡಿದರೆ ಊರ ಗೌಡನೂ ದಾರಿ ಬಿಡಬೇಕು.

ಆಶಾ ಕಾರ್ಯಕರ್ತೆ ಸುರೈಯಾ ಬಂದು ಚಾಪೆಯ ಅಂಚಿಗೆ ಕೂತಳು, ಹೆರಿಗೆಗೆ ಆಸ್ಪತ್ರೆಗೆ ಬರಲು ಹೇಳಿದಳು.

"ದವಾಖಾನಿ ಯಾಕ ಬೇಕವ್ವಾ?" ಪಕ್ಕದಲ್ಲೇ ಕೂತಿದ್ದ ಭೀಮಾಬಾಯಿ ಶುರು ಹಚ್ಚಿಕೊಂಡಳು. "ಹಡದ ಮ್ಯಾಲ ಹೋಗೂದು ಕೆಟ್ಟ ರಗತ. ಎಷ್ಟು ಹೋಕ್ಕತಿ ಅಷ್ಟು ಮೈ ಹಗರ. ಅಲ್ಲಿ ಇಂಜೆಕ್ಷನ್ ಚುಚ್ಚಿ ಅದನ್ನ ಒಳಗ ಕಟ್ಟಿಹಾಕ್ತಾರ."

"ಕಾಕೂ, ನಿಮ್ಮ ಪಡದ ಪೈಪು ನೋಡ್ರಿ," ಸುರೈಯಾ ಕೈ ತೋರಿಸಿದಳು. " ದೊಡ್ಡದು ಬಂದು ಎರಡೂ ಕಡೆ ಒಡೀತೈತಿ. ಮೈಯಾಗೂ ಹಂಗರಿ. ಎದಿಯಿಂದ ದೊಡ್ಡ ರಕ್ತನಾಳ ಇಳದು, ಹೊಕ್ಕಳದ ಹತ್ರ ಎಡಕ ಒಂದು, ಬಲಕ ಒಂದು ಆಗತೈತಿ. ಒಂದೊಂದರಾಗೂ ಮತ್ತ ಎರಡು ಕವಲು. ಒಂದು ಕಾಲಿಗೆ, ಒಂದು ಕಿಬ್ಬೊಟ್ಟಿ ಒಳಗ. ಆ ಒಳಗಿನ ಕವಲಿಂದನ ಉಚ್ಚಿಚೀಲಕ್ಕ, ಗರ್ಭಚೀಲಕ್ಕ ರಗತ. ಬಸುರಾದಾಗ ಗರ್ಭಚೀಲದ ನಾಳ ದಪ್ಪಾಗಿ, ಎರಡೂ ಮಗ್ಗಲದಿಂದ ಭಾಳ ರಗತ ತರತಾವ."

ಸುಧಾರಾಣಿ ಕಣ್ಣು ಮುಚ್ಚಿದಳು. ತನ್ನೊಳಗೆ ಕೆಂಪು ಹಳ್ಳಗಳು ಸದ್ದಿಲ್ಲದೆ ಕವಲೊಡೆದು ಕೂಸಿನತ್ತ ಹರಿಯುವುದು ಕಂಡಂತಾಯಿತು. ತನ್ನ ಮೈಯ ಮೇಲೆ ಅವಳಿಗೇ ಪ್ರೀತಿ ಬಂತು.

ಸುರೈಯಾ ಮುಂದುವರಿಸಿದಳು. "ಕೂಸು ಹುಟ್ಟಿ ಮಾಸು ಬಿದ್ದ ಮ್ಯಾಲ ಗರ್ಭಚೀಲ ಮುಷ್ಟಿಯಂಗ ಬಿಗಿಯಾಗಿ ಆ ನಾಳ ಅದುಮಬೇಕು. ಸ್ವಲ್ಪ ರಗತ ಹೋಗೂದು ಸಹಜ. ಚೀಲ ಬಿಗೀಲಿಲ್ಲಂದ್ರ ಒಳ್ಳೆ ರಗತನ ಸುರೀತೈತಿ. ನೋಡನೋಡತ್ತ ಜೀವ ಹೋಕ್ಕತಿ. ಇಂಜೆಕ್ಷನ್ ಇರೂದು ಚೀಲ ಬಿಗಿ ಮಾಡಾಕರಿ."

ಭೀಮಾಬಾಯಿ ಸುರೈಯಾಳ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು.

"ಕಾಖಂಡಕಿ ಊರಾಗ ನನ್ನ ತಂಗಿ ಕಾಳವ್ವ ಹಡದಾಗ ಸೀರಿ ಮ್ಯಾಲ ಸೀರಿ ತೊಯ್ದುವು. ಕೆಟ್ಟದ್ದು ಹೋಗ್ಲಿ ಬಿಡು ಅಂದ್ರು ಹಿರ್‍ಯಾರು. ಕೂಸು ಉಳೀತು, ಆಕಿ ಹೊತ್ತು ಮುಣಗೂದ್ರಾಗ ತಣ್ಣಗಾದ್ಲು. ದವಾಖಾನ್ಯಾಗಿದ್ರ ಉಳೀತಿದ್ಲೇನ?"

ಸುರೈಯಾ ಸುಳ್ಳು ಹೇಳಲಿಲ್ಲ. "ಉಳಿಯೂ ಆಸೆ ಭಾಳ ಇತ್ರಿ, ಕಾಕೂ."

ಭೀಮಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ ಅಳುವುದನ್ನು ಸುಧಾರಾಣಿ ಎಂದೂ ಕಂಡಿರಲಿಲ್ಲ.

"ಏಳವ್ವಾ ಸುಧಾ, ಸೀರಿ ಅರಿಬಿ ತುಂಬಿಕೋ," ಭೀಮಾಬಾಯಿ ಕಣ್ಣೊರೆಸಿಕೊಂಡಳು. " ಬ್ಯಾನಿ ಬಂದ ಕೂಡಲೇ ದವಾಖಾನಿಗೆ ಹೋಗೂನು. ನಾನೂ ಬರ್ತೇನಿ."

ಅಕ್ಕತಂಗಿಯರೇ, ಅತ್ತೆಯರೇ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಬಾಣಂತಿಯ ಬಟ್ಟೆ ಬೇಗಬೇಗನೆ ತೊಯ್ದರೆ, ಅವಳಿಗೆ ಕಣ್ಣು ಕತ್ತಲೆ ಬಂದರೆ, ಕಾಯದೆ 108 ಆಂಬುಲೆನ್ಸಿಗೆ ಕರೆ ಮಾಡಿ. 'ಹೋಗಲಿ ಬಿಡು' ಎಂದು ಮಾತ್ರ ಅನ್ನಬೇಡಿ. ಆ ಒಂದು ಮಾತಿಗೆ ಕಾಳವ್ವನ ಕೂಸು ತಾಯಿಯ ಮುಖ ಕಾಣದೆ ಬೆಳೆಯಿತು.